ಪ್ಲೇಟ್ಲೆಟ್ ಕಡಿಮೆ ಅಂದ ಕೂಡ್ಲೇ ಡೆಂಗ್ಯೂ ಅಂದ್ಕೋಬೇಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಕೋಲಾರದ ಕಡೆ ಮಳೆ ಶುರುವಾಯ್ತು ಅಂದ್ರೆ ಮನೆಮನೇಲೂ ಪ್ಲೇಟ್ಲೆಟ್ ಮಾತೇ, ಮಾಲೂರಲ್ಲಿ ಯಾರಿಗೋ ಮೂವತ್ತು ಸಾವಿರಕ್ಕೆ ಇಳಿದಿದ್ಯಂತೆ, ಮುಳಬಾಗಿಲಲ್ಲಿ ಇಪ್ಪತ್ತಂತೆ, ಪಪ್ಪಾಯಿ ಎಲೆ ರಸ ಕುಡಿಸ್ತಿದಾರಂತೆ ಅಂತ. ಹೆಚ್ಚಿನ ಸಲ ಅದು ಡೆಂಗ್ಯೂನೇ, ವಾರ ಹತ್ತು ದಿನದಲ್ಲಿ ತಾನಾಗೇ ಏರುತ್ತೆ. ಆದ್ರೆ ಆ ಜನದ ಮಧ್ಯೆ ಯಾವಾಗ್ಲೋ ಒಬ್ರು ಎಎಂಎಲ್ ಇರೋರು ಸೇರ್ಕೊಂಡಿರ್ತಾರೆ, ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಮೂಳೆ ಮಜ್ಜೇಲಿ ಹುಟ್ಟೋ ರಕ್ತದ ಕ್ಯಾನ್ಸರ್. ಅದಕ್ಕೇ ಹೇಳೋದು, ರಿಪೋರ್ಟ್ ಕೈಗೆ ಬಂದ್ರೆ ಹಿಮೋಗ್ಲೋಬಿನ್ನೂ ನೋಡಿ. ಡೆಂಗ್ಯೂಲಿ ನೀರಿನಂಶ ರಕ್ತನಾಳದಿಂದ ಸೋರಿ ರಕ್ತ ಗಟ್ಟಿಯಾಗೋದ್ರಿಂದ ಹಿಮೋಗ್ಲೋಬಿನ್ ಸಾಮಾನ್ಯವಾಗಿ ಇಳಿಯಲ್ಲ, ಏರಿದ್ರೂ ಏರ್ಬಹುದು. ಅದು ಏಳಕ್ಕೋ ಎಂಟಕ್ಕೋ ಬಿದ್ದು ಪ್ಲೇಟ್ಲೆಟ್ಟೂ ಬಿದ್ದಿದ್ರೆ ಪೆರಿಫೆರಲ್ ಸ್ಮಿಯರ್ ಮಾಡಿಸ್ಲೇಬೇಕು, ಒಂದು ಹನಿ ರಕ್ತ ಗಾಜಿನ ಮೇಲೆ ಎಳೆದು ಮೈಕ್ರೋಸ್ಕೋಪಲ್ಲಿ ನೋಡೋ ಟೆಸ್ಟು.

ಎಎಂಎಲ್ ಎಲ್ಲಾ ಒಂದೇ ತರ ಅಲ್ಲ. 1976ರಲ್ಲಿ ಫ್ರಾನ್ಸ್, ಅಮೆರಿಕ, ಬ್ರಿಟನ್ ಡಾಕ್ಟರ್‌ಗಳು ಸೇರಿ ಎಂ1ರಿಂದ ಎಂ6 ಅಂತ ವಿಂಗಡಿಸಿದ್ರು, ಆಮೇಲೆ ಎಂ7, ಎಂ0 ಸೇರ್ಕೊಂಡ್ವು. ಈಗ ಜೀನ್ ನೋಡಿ ಹೆಸರಿಡ್ತಾರೆ, ಆದ್ರೆ ಆ ರಿಪೋರ್ಟ್ ಬರೋಕೆ ದಿನಗಳು ಬೇಕು, ಮೈಮೇಲಿನ ಲಕ್ಷಣ ಅದಕ್ಕಿಂತ ಮೊದಲೇ ಕಾಣುತ್ತೆ.

ಎಲ್ಲಕ್ಕಿಂತ ಅವಸರದ್ದು ಎಂ3, ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ. ಇದರ ಗುರುತು ರಕ್ತಸ್ರಾವ. ಪ್ಲೇಟ್ಲೆಟ್ ಕಡಿಮೆ ಆಗೋದ್ರ ಜೊತೆಗೆ ರಕ್ತ ಹೆಪ್ಪುಗಟ್ಟೋ ವ್ಯವಸ್ಥೇನೇ ಕೆಟ್ಟಿರುತ್ತೆ, ಹಾಗಾಗಿ ತೊಡೆ ತೋಳಲ್ಲಿ ಅಂಗೈಯಗಲ ನೀಲಿ ಕಲೆ, ಸೂಜಿ ಚುಚ್ಚಿದ ಕಡೆ ಹತ್ತಿ ಒತ್ತಿ ಹಿಡಿದ್ರೂ ಒಸರೋ ರಕ್ತ, ಹೆಣ್ಮಕ್ಕಳಿಗೆ ಮುಟ್ಟು ನಿಲ್ಲದೇ ಹೋಗೋದು. ಬ್ಲಡ್ ಕ್ಯಾನ್ಸರ್ ಅಂದ್ರೆ ಬಿಳಿ ಕಣ ಲಕ್ಷ ದಾಟ್ಬೇಕು ಅಂತ ತುಂಬಾ ಜನ ಅಂದ್ಕೊಂಡಿದಾರೆ, ಎಂ3ನಲ್ಲಿ ಎಷ್ಟೋ ಸಲ ಎರಡೇ ಸಾವಿರ ಇರುತ್ತೆ, ಡೆಂಗ್ಯೂಲೂ ಬಿಳಿ ಕಣ ಇಳಿಯೋದ್ರಿಂದ ಮೋಸ ಹೋಗೋದೇ ಇಲ್ಲಿ. ಸ್ಲೈಡಿಗೆ ಲೀಶ್ಮನ್ ಬಣ್ಣ ಹಾಕಿ ನೋಡಿದ್ರೆ ಕಣದೊಳಗೆ ಸಣ್ಣ ಕೆಂಪು ಕಡ್ಡಿಗಳು, ಔಯರ್ ರಾಡ್ ಅಂತೀವಿ, ಒಂದೇ ಕಣದಲ್ಲಿ ಸೌದೆ ಹೊರೆ ಕಟ್ಟಿಟ್ಟ ಹಾಗೆ. ಅದು ಕಂಡ್ರೆ ರಿಪೋರ್ಟ್ ಟೈಪ್ ಆಗ್ಲಿ ಅಂತ ನಾನು ಕಾಯಲ್ಲ, ತಕ್ಷಣ ರೋಗೀನ ನೋಡ್ತಿರೋ ಡಾಕ್ಟರ್‌ಗೆ ಫೋನ್ ಮಾಡ್ತೀನಿ. ಯಾಕಂದ್ರೆ ಇದಕ್ಕೆ ಔಷಧಿ ಇದೆ! 1985ರಲ್ಲಿ ಶಾಂಘೈನ ಡಾಕ್ಟರ್ ವಾಂಗ್ ಝೆನ್‌ಯಿ ಐದು ವರ್ಷದ ಹುಡುಗಿಗೆ ಆಟ್ರಾ ಅನ್ನೋ ಔಷಧಿ ಕೊಟ್ರು, ವಿಟಮಿನ್ ಎ ಜಾತಿದು, ಮಗು ಉಳೀತು. (ಅಂಗಡೀಲಿ ಸಿಗೋ ವಿಟಮಿನ್ ಮಾತ್ರೆ ಇದಕ್ಕೆ ಬದಲಿ ಅಲ್ಲ, ದಯವಿಟ್ಟು.) ಈಗ ಅದರ ಜೊತೆ ಆರ್ಸೆನಿಕ್ ಟ್ರೈಆಕ್ಸೈಡ್ ಕೊಡ್ತಾರೆ, ಬಿಳಿ ಕಣ ಹತ್ತು ಸಾವಿರದೊಳಗೆ ಇರೋರು ಮೊದಲ ದಿನಗಳ ರಕ್ತಸ್ರಾವ ದಾಟಿದ್ರೆ ನೂರಕ್ಕೆ 90ಕ್ಕಿಂತ ಹೆಚ್ಚು ಜನ ಗುಣ ಆಗ್ತಾರೆ. ಇಂಥಾ ಕಾಯಿಲೇಲಿ ಒಂದು ರಾತ್ರಿ ತಡ ಆಗಿ ಮೆದುಳಲ್ಲಿ ರಕ್ತ ಸೋರಿ ಯಾರಾದ್ರೂ ಹೋದ್ರೆ ನಂಗೆ ಸಹಿಸೋಕಾಗಲ್ಲ, ಅನುಮಾನ ಬಂದ್ರೆ ಸಾಕು ಜೀನ್ ರಿಪೋರ್ಟಿಗೆ ಕಾಯದೇ ಆಟ್ರಾ ಶುರು ಮಾಡ್ಬೇಕು ಅನ್ನೋದೇ ನಿಯಮ.

ಎಂ4, ಎಂ5 ಬೇರೆ ತರ. ವಸಡು ಊದಿ ಹಲ್ಲಿನ ಅರ್ಧ ಮುಚ್ಚುತ್ತೆ, ಮುಟ್ಟಿದ್ರೆ ರಕ್ತ, ಚರ್ಮದ ಮೇಲೆ ಗಂಟು, ಬಿಳಿ ಕಣ ವಿಪರೀತ. ಇವರು ಮೊದಲು ಹೋಗೋದು ಹಲ್ಲಿನ ಡಾಕ್ಟರ್ ಹತ್ರ. ಫಿಟ್ಸ್ ಮಾತ್ರೆ, ಕೆಲವು ಬಿಪಿ ಮಾತ್ರೆಯಿಂದ್ಲೂ ವಸಡು ಊದುತ್ತೆ ನಿಜ, ಆದ್ರೆ ಜೊತೆಗೆ ಜ್ವರ, ಸುಸ್ತು ಇದ್ರೆ ಸಿಬಿಸಿ, ಅಂದ್ರೆ ರಕ್ತಕಣಗಳ ಎಣಿಕೆ ಟೆಸ್ಟು, ಮಾಡಿಸದೇ ಹಲ್ಲು ಕೀಳಿಸ್ಬೇಡಿ.

ಮಗುವಿನ ಒಂದು ಕಣ್ಣು ಮುಂದಕ್ಕೆ ಬಂದ್ರೆ ಅದೂ ಎಎಂಎಲ್ ಗಡ್ಡೆ ಇರ್ಬಹುದು, ಎಂ2ನಲ್ಲಿ ಇದು ಕಾಣ್ಸುತ್ತೆ. ಡೌನ್ ಸಿಂಡ್ರೋಮ್ ಇರೋ ಚಿಕ್ಕ ಮಕ್ಕಳಲ್ಲಿ ಬರೋದು ಹೆಚ್ಚಾಗಿ ಎಂ7, ಅವರಿಗೆ ಕೀಮೋ ಚೆನ್ನಾಗಿ ಹಿಡಿಯುತ್ತೆ, ಹಾಗಾಗಿ ಈ ಮಗುಗೆ ಯಾಕೆ ಇಷ್ಟೆಲ್ಲಾ ಅಂತ ಯಾರೂ ಕೈಬಿಡ್ಬೇಡಿ.

ನಮ್ಮೂರಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟ್ರೆ ಲ್ಯಾಬಿನವರನ್ನ ಕೇಳಿ ಸ್ಮಿಯರ್ ಸ್ಲೈಡನ್ನೂ ಜೊತೆಗೆ ಇಸ್ಕೊಳ್ಳಿ, ಪೇಪರಲ್ಲಿ ಸುತ್ತಿ ಡಬ್ಬಿಲಿ ಇಟ್ಕೊಂಡ್ರೆ ಒಡೆಯಲ್ಲ, ಅಲ್ಲಿನ ಡಾಕ್ಟರ್ ಹೋದ ತಕ್ಷಣ ನೋಡ್ಬಹುದು. ಹೊರಡೋ ಮುಂಚೆ ಸೊಂಟಕ್ಕೆ ಇಂಜೆಕ್ಷನ್ ಮಾತ್ರ ಹಾಕಿಸ್ಕೋಬೇಡಿ, ಒಳಗೇ ರಕ್ತ ಕಟ್ಟುತ್ತೆ.