ರಾತ್ರಿಯ ರಕ್ತ, ಹಗಲಿನ ರಕ್ತ: ಮೆಲಟೋನಿನ್ ಮತ್ತು ಸ್ತನ ಕ್ಯಾನ್ಸರ್

(ನರ್ಸಿಂಗ್ ಸಿಬ್ಬಂದಿಯ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಸಭೆಯಲ್ಲಿ ಮುಕ್ಕಾಲು ಪಾಲು ಸಿಸ್ಟರ್‌ಗಳೇ ಇದ್ದೀರಿ. ಕೆಲವರು ನೈಟ್ ಡ್ಯೂಟಿ ಮುಗಿಸಿ ನೇರ ಇಲ್ಲಿಗೇ ಬಂದಿದ್ದೀರಿ ಅಂತ ಗೊತ್ತು. ನಡುವೆ ಯಾರಾದರೂ ತೂಕಡಿಸಿದರೆ ನನಗೇನೂ ಬೇಸರವಿಲ್ಲ, ಇವತ್ತಿನ ವಿಷಯವೇ ಅದು.

ಒಳಗೆ ಬರುವಾಗಲೇ ಇಬ್ಬರು ನಿಲ್ಲಿಸಿ ಕೇಳಿದರು: "ಡಾಕ್ಟ್ರೇ, ನೈಟ್ ಡ್ಯೂಟಿ ಮಾಡಿದ್ರೆ ಬ್ರೆಸ್ಟ್ ಕ್ಯಾನ್ಸರ್ ಬರುತ್ತಂತೆ, ಹೌದಾ? ಮೆಲಟೋನಿನ್ ಮಾತ್ರೆ ನುಂಗಿದ್ರೆ ಸಾಕಂತೆ?" ಎರಡನೆಯದಕ್ಕೆ ಈಗಲೇ ಉತ್ತರ ಕೊಟ್ಟುಬಿಡುತ್ತೇನೆ: ನುಂಗಬೇಡಿ. ಮೊದಲನೆಯದು ಅಷ್ಟು ಸಲೀಸಲ್ಲ.

ಮೆದುಳಿನ ನಡುವೆ ಪೀನಿಯಲ್ ಎಂಬ ಪುಟ್ಟ ಗ್ರಂಥಿ ಇದೆ. ಕತ್ತಲಾದ ಮೇಲೆ ಅದು ಮೆಲಟೋನಿನ್ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ನಾವು ಮಲಗುವ ಹೊತ್ತಿಗೆ ಒಂದೆರಡು ಗಂಟೆ ಮೊದಲೇ ಶುರುವಾಗಿ, ನಡುರಾತ್ರಿ ಕಳೆದ ಮೇಲೆ ಉಚ್ಚಮಟ್ಟಕ್ಕೆ ಏರಿ, ಬೆಳಗಾಗುತ್ತಲೇ ಇಳಿಯುತ್ತದೆ. ಪೀನಿಯಲ್ ತಾನಾಗಿ ಹೊತ್ತು ನೋಡುವುದಿಲ್ಲ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ ಸುಮಾರು 20,000 ನರಕೋಶಗಳ ಒಂದು ಗುಂಪಿದೆ. ದೇಹದ ಮುಖ್ಯ ಗಡಿಯಾರ ಅದೇ. ಅಕ್ಷಿಪಟದ ಕೆಲವು ವಿಶೇಷ ಕೋಶಗಳು, ಮುಖ್ಯವಾಗಿ ನೀಲಿ ಬೆಳಕಿಗೆ ಸ್ಪಂದಿಸುವಂಥವು, ಹಗಲಾಯಿತೋ ಇರುಳಾಯಿತೋ ಎಂದು ಅದಕ್ಕೆ ವರದಿ ಮಾಡುತ್ತಿರುತ್ತವೆ. ವಾರ್ಡಿನ ಟ್ಯೂಬ್‌ಲೈಟನ್ನು ಸೂರ್ಯನಿಂದ ಬೇರೆ ಮಾಡಿ ನೋಡುವ ಜಾಣತನ ಅವಕ್ಕಿಲ್ಲ.

ಈ ಹಾರ್ಮೋನನ್ನು 1958ರಲ್ಲಿ ದನಗಳ ಪೀನಿಯಲ್ ಗ್ರಂಥಿಗಳಿಂದ ಬೇರ್ಪಡಿಸಿದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್. ಅವರು ಚರ್ಮವೈದ್ಯರು. ಹುಡುಕುತ್ತಿದ್ದದ್ದು ತೊನ್ನಿಗೆ ಔಷಧಿ ಆಗಬಹುದಾದ ವಸ್ತುವನ್ನು. ಸಿಕ್ಕಿದ್ದು ರಾತ್ರಿಯ ಹಾರ್ಮೋನು. ಪ್ರಖರ ಬೆಳಕು ಬಿದ್ದರೆ ಮನುಷ್ಯರಲ್ಲೂ ಮೆಲಟೋನಿನ್ ಕುಸಿಯುತ್ತದೆ ಎಂದು ಆಲ್ಫ್ರೆಡ್ ಲೂಯಿ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದರು. ಸ್ತನ ಕ್ಯಾನ್ಸರಿನ ಮಾತು ಗಟ್ಟಿಯಾಗಿ ಕೇಳಿಸಿದ್ದು 1987ರಲ್ಲಿ. ಕೈಗಾರಿಕೆ ಬೆಳೆದ ದೇಶಗಳಲ್ಲಿ ಈ ಕಾಯಿಲೆ ಹೆಚ್ಚುತ್ತಿರುವುದಕ್ಕೂ ವಿದ್ಯುತ್ ಬಳಕೆಗೂ ನಂಟಿರಬಹುದೇ ಎಂದು ರಿಚರ್ಡ್ ಸ್ಟೀವನ್ಸ್ ಆಗ ಕೇಳಿದರು. ಅದು ಊಹೆ, ಅವರೂ ಹಾಗೇ ಕರೆದರು.

ಊಹೆಗೆ ಮೈ ಬಂದದ್ದು ಪ್ರಯೋಗಶಾಲೆಯಲ್ಲಿ. ಒಂದು ಪ್ರಯೋಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವು ದಿನಾ ರಕ್ತ ತೆಗೆಯುವವರು. 2005ರಲ್ಲಿ ಡೇವಿಡ್ ಬ್ಲಾಸ್ಕ್ ಎಂಬ ವಿಜ್ಞಾನಿಯ ತಂಡ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಊರಿನಲ್ಲಿ ಮಾಡಿದ್ದು. ಇನ್ನೂ ಮುಟ್ಟು ನಿಲ್ಲದ ಆರೋಗ್ಯವಂತ ಹೆಂಗಸರಿಂದ ಮೂರು ಹೊತ್ತಿನಲ್ಲಿ ರಕ್ತ ತೆಗೆದರು. ಹಗಲಲ್ಲಿ ಒಮ್ಮೆ. ರಾತ್ರಿ ಕತ್ತಲ ಕೋಣೆಯಲ್ಲಿ ಇದ್ದಾಗ ಒಮ್ಮೆ. ಅದೇ ರಾತ್ರಿ ಪ್ರಖರ ಬಿಳಿ ಬೆಳಕಿಗೆ ಕಣ್ಣೊಡ್ಡಿದ ಮೇಲೆ ಇನ್ನೊಮ್ಮೆ. ಮನುಷ್ಯರ ಸ್ತನ ಕ್ಯಾನ್ಸರ್ ಗೆಡ್ಡೆಯನ್ನು ಇಲಿಗಳ ಮೈಯಲ್ಲಿ ಬೆಳೆಸಿ, ಆ ಗೆಡ್ಡೆಗಳ ಮೂಲಕ ಈ ಮೂರು ರಕ್ತಗಳನ್ನು ಹರಿಸಿದರು. ಕತ್ತಲ ರಾತ್ರಿಯ ರಕ್ತ ಹರಿದಾಗ ಕೋಶಗಳು ಹೆಚ್ಚುವ ವೇಗ ತಗ್ಗಿತು. ಹಗಲಿನ ರಕ್ತಕ್ಕೆ ಆ ಶಕ್ತಿ ಇರಲಿಲ್ಲ. ಬೆಳಕು ಕಂಡ ರಾತ್ರಿಯ ರಕ್ತವೂ ಹಗಲಿನದರಂತೆಯೇ ನಡೆದುಕೊಂಡಿತು. ಮೆಲಟೋನಿನ್ ಅಂಟಿಕೊಳ್ಳುವ ಗ್ರಾಹಕಗಳನ್ನು ತಡೆಯುವ ರಾಸಾಯನಿಕ ಬೆರೆಸಿದಾಗ ಕತ್ತಲ ರಕ್ತದ ಗುಣವೂ ಹೋಯಿತು. ನನ್ನ ಲೆಕ್ಕದಲ್ಲಿ ಈ ಕ್ಷೇತ್ರದಲ್ಲಿ ಇಷ್ಟು ಚೆಂದದ ಪ್ರಯೋಗ ಇನ್ನೊಂದಿಲ್ಲ.

ಮೆಲಟೋನಿನ್ ಒಳಗೆ ಏನು ಮಾಡುತ್ತದೆ? ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಮಾತು ಕೇಳಿ ಬೆಳೆಯುವ ಗೆಡ್ಡೆಗಳಲ್ಲಿ ಆ ಮಾತಿನ ಸದ್ದು ತಗ್ಗಿಸುತ್ತದೆ. ಈಸ್ಟ್ರೋಜನ್ ತಯಾರಿಸುವ ಅರೋಮಟೇಸ್ ಕಿಣ್ವವನ್ನೂ ಅಡಗಿಸುತ್ತದೆ. ಗೆಡ್ಡೆ ಲಿನೋಲೆಯಿಕ್ ಆಮ್ಲ ಎಂಬ ಕೊಬ್ಬಿನಂಶವನ್ನು ಹೀರಿಕೊಂಡು ಕೊಬ್ಬುವುದಕ್ಕೂ ಅಡ್ಡ ಬರುತ್ತದೆ. 2014ರಲ್ಲಿ ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದವರು ಇನ್ನೊಂದು ವಿಷಯ ಕಂಡುಕೊಂಡರು: ರಾತ್ರಿಯಿಡೀ ಕೇವಲ 0.2 ಲಕ್ಸ್ ಬೆಳಕು, ಅಂದರೆ ಹುಣ್ಣಿಮೆ ಬೆಳದಿಂಗಳಷ್ಟು, ಇದ್ದ ಪಂಜರದ ಇಲಿಗಳಲ್ಲಿ ಗೆಡ್ಡೆಗಳು ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಔಷಧಿಗೆ ಬಗ್ಗಲಿಲ್ಲ. ಮೆಲಟೋನಿನ್ ಸೇರಿಸಿದಾಗ ಬಗ್ಗಿದವು. ಆದರೆ ಇಲಿಗಳ ಕಣ್ಣು ಬೇರೆ, ರಾತ್ರಿ ಎಚ್ಚರವಿರುವ ಅವುಗಳ ಬದುಕೇ ಬೇರೆ. ಈ ಫಲಿತಾಂಶ ಓದಿ ಮನೆಯ ಜೀರೋ ಬಲ್ಬ್ ಕಿತ್ತೆಸೆಯುವ ಅಗತ್ಯ ಕಾಣುತ್ತಿಲ್ಲ.

ಇನ್ನು ಮನುಷ್ಯರ ಲೆಕ್ಕಕ್ಕೆ ಬರೋಣ. ಇಲ್ಲಿ ನಿಮ್ಮ ವೃತ್ತಿಯವರದೇ ದೊಡ್ಡ ಪಾತ್ರ. ಅಮೆರಿಕದ ನರ್ಸ್‌ಗಳ ಆರೋಗ್ಯ ಅಧ್ಯಯನದಲ್ಲಿ 30 ವರ್ಷ ಅಥವಾ ಹೆಚ್ಚು ಕಾಲ ಸರದಿ ನೈಟ್ ಮಾಡಿದವರಿಗೆ ಸ್ತನ ಕ್ಯಾನ್ಸರಿನ ಅಪಾಯ, ನೈಟ್ ಮಾಡದವರಿಗಿಂತ ನೂರಕ್ಕೆ 36ರಷ್ಟು ಹೆಚ್ಚು ಎಂದು 2001ರಲ್ಲಿ ಹೊರಬಿತ್ತು. ಇವರಿಗಿಂತ ಎಳೆಯ ನರ್ಸ್‌ಗಳ ಎರಡನೇ ಗುಂಪಿನಲ್ಲಿ, 20 ವರ್ಷ ದಾಟಿದವರಿಗೆ ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು 2ಎ ಗುಂಪಿಗೆ ಸೇರಿಸಿತು: "ಬಹುಶಃ ಕ್ಯಾನ್ಸರ್‌ಕಾರಕ". ಪತ್ರಿಕೆಗಳು ಇದನ್ನು ಎತ್ತಿ ಹಾಕುವ ರೀತಿ ನೋಡಿದರೆ ನನಗೆ ತಲೆನೋವು. ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಮಾತ್ರ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಕುರಿ ಮಾಂಸವೂ ಸೇರಿ ಕೆಂಪು ಮಾಂಸವೆಲ್ಲ ಇರುವುದು ಇದೇ 2ಎ ಗುಂಪಿನಲ್ಲಿ.

ಡೆನ್ಮಾರ್ಕ್ ಸರ್ಕಾರ ಮಾತ್ರ ಕಾಯಲಿಲ್ಲ. 20-30 ವರ್ಷ, ವಾರಕ್ಕೆ ಒಂದಾದರೂ ರಾತ್ರಿ ದುಡಿದು ಸ್ತನ ಕ್ಯಾನ್ಸರ್ ಬಂದ ಹಲವು ಹೆಂಗಸರಿಗೆ, ನರ್ಸ್‌ಗಳೂ ಸೇರಿದಂತೆ, ಔದ್ಯೋಗಿಕ ಕಾಯಿಲೆ ಎಂದೇ ಪರಿಹಾರ ಕೊಟ್ಟಿತು.

ಆಮೇಲೆ 2016ರಲ್ಲಿ ಬ್ರಿಟನ್ನಿನಿಂದ ತಣ್ಣೀರೆರಚುವ ವರದಿ ಬಂತು. ಹತ್ತು ಅಧ್ಯಯನಗಳ ಸುಮಾರು 14 ಲಕ್ಷ ಹೆಂಗಸರ ಲೆಕ್ಕ ಒಟ್ಟುಗೂಡಿಸಿ ನೋಡಿದರೆ ರಾತ್ರಿ ಪಾಳಿಗೂ ಸ್ತನ ಕ್ಯಾನ್ಸರಿಗೂ ನಂಟೇ ಕಾಣಲಿಲ್ಲ. ಹಾಗಾದರೆ ಅಧ್ಯಾಯ ಮುಗಿಯಿತೇ? ಇಲ್ಲ. ಅದರಲ್ಲಿ ಅತಿ ದೊಡ್ಡ ಗುಂಪಿನವರಿಗೆ ಪಾಳಿಯ ಬಗ್ಗೆ ಪ್ರಶ್ನೆ ಕೇಳಿದ್ದೇ ಅವರ ಸರಾಸರಿ ವಯಸ್ಸು 68 ಆದಾಗ. ನಿವೃತ್ತರಾಗಿ ಎಷ್ಟೋ ವರ್ಷ ಕಳೆದವರು. ಎಳೆಯ ವಯಸ್ಸಿನಲ್ಲಿ, ಮುಟ್ಟು ನಿಲ್ಲುವ ಮೊದಲು, ವಾರಕ್ಕೆ ಮೂರು ರಾತ್ರಿಯಾದರೂ ದುಡಿದವರನ್ನು ಬೇರೆಯಾಗಿ ನೋಡಿದ ಅಧ್ಯಯನಗಳಲ್ಲಿ ಅಪಾಯ ಮತ್ತೆ ತಲೆ ಎತ್ತುತ್ತದೆ. ಡ್ಯೂಟಿ ಬಿಟ್ಟು ಕಾಲ ಕಳೆದಂತೆ ಅದು ಇಳಿಯುತ್ತದೆ ಎಂಬ ಸೂಚನೆಯೂ ಇದೆ. ನನಗೆ ನಂಬಿಕೆಯಾಗುವುದು ಈ ಚಿತ್ರ: ಎಷ್ಟು ವರ್ಷ, ಎಷ್ಟು ಒತ್ತೊತ್ತಾಗಿ, ಯಾವ ವಯಸ್ಸಿನಲ್ಲಿ ಎಂಬುದರ ಮೇಲೆ ಎಲ್ಲ ನಿಂತಿದೆ. "ನೈಟ್ ಮಾಡಿದ್ದೀರಾ, ಹೌದೋ ಅಲ್ಲವೋ" ಎಂದಷ್ಟೇ ಕೇಳಿದ ಅಧ್ಯಯನಕ್ಕೆ ಇದು ಸಿಗುವುದಿಲ್ಲ. ಇನ್ನೊಂದು ಸುಳಿವು: ಬೆಳಕಿನ ಅರಿವೇ ಇಲ್ಲದ ಅಂಧ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಕಡಿಮೆ ಎಂದು ಅಮೆರಿಕ ಮತ್ತು ಉತ್ತರ ಯುರೋಪಿನ ಹಲವು ಅಧ್ಯಯನಗಳು ಹೇಳಿವೆ.

ಇಷ್ಟರಲ್ಲಿ "ಮೆಲಟೋನಿನ್ ಒಳ್ಳೆಯದು, ಬೆಳಕು ಕೆಟ್ಟದ್ದು" ಎಂದು ಬರೆದುಕೊಂಡಿದ್ದರೆ ದಯವಿಟ್ಟು ಆ ಸಾಲು ಹೊಡೆದುಹಾಕಿ. 2022ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ತನ ಕ್ಯಾನ್ಸರ್ ಇದ್ದ 30 ಹೆಂಗಸರಿಂದ ಬೆಳಗಿನ ಜಾವ 4 ಗಂಟೆಗೆ ಮತ್ತು ಬೆಳಿಗ್ಗೆ 10 ಗಂಟೆಗೆ ರಕ್ತ ತೆಗೆದು, ಗೆಡ್ಡೆಯಿಂದ ಕಳಚಿ ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಕೋಶಗಳನ್ನು ಎಣಿಸಿದರು. ಸಿಕ್ಕ ಕೋಶಗಳಲ್ಲಿ ನೂರಕ್ಕೆ 78ರಷ್ಟು ನಾಲ್ಕು ಗಂಟೆಯ ಸೀಸೆಯಲ್ಲಿದ್ದವು! ರೋಗಿ ನಿದ್ದೆಯಲ್ಲಿರುವಾಗ, ಮೆಲಟೋನಿನ್ ತುಂಬಿ ಹರಿಯುವ ಹೊತ್ತಿನಲ್ಲಿ. ಹಾಗಂತ ನಿದ್ದೆಗೆಡಿ ಎಂದು ಯಾರೂ ಹೇಳುತ್ತಿಲ್ಲ. ರೋಗ ಹುಟ್ಟದಂತೆ ತಡೆಯುವುದು ಒಂದು, ಹುಟ್ಟಿದ ಗೆಡ್ಡೆ ಯಾವ ಹೊತ್ತಿನಲ್ಲಿ ಕೋಶಗಳನ್ನು ಬಿಡುತ್ತದೆ ಎಂಬುದು ಇನ್ನೊಂದು. ಆದರೆ ಸ್ಯಾಂಪಲ್ ತೆಗೆದ ಗಂಟೆಯನ್ನು ಬರೆದಿಡುವುದು ಬರೀ ಶಿಷ್ಟಾಚಾರವಲ್ಲ ಎಂಬುದಂತೂ ಇದರಿಂದ ಗೊತ್ತಾಯಿತು.

ಮಾತ್ರೆಯ ವಿಷಯ. ದೇಹ ಒಂದು ರಾತ್ರಿಗೆ ತಯಾರಿಸುವ ಮೆಲಟೋನಿನ್ ಕೆಲವು ಹತ್ತು ಮೈಕ್ರೋಗ್ರಾಂ. ಅಂಗಡಿಯ ಮಾತ್ರೆ 3, 5, 10 ಮಿಲಿಗ್ರಾಂ. ಬಹುಪಾಲು ಯಕೃತ್ತಿನಲ್ಲೇ ಕಳೆದುಹೋದರೂ ರಕ್ತದಲ್ಲಿ ಮಟ್ಟ ಸಹಜಕ್ಕಿಂತ ಎಷ್ಟೋ ಪಟ್ಟು ಏರುತ್ತದೆ. ಕೆನಡಾದಲ್ಲಿ ಮಾರಾಟವಾಗುವ ಮಾತ್ರೆಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೆಲವದರಲ್ಲಿ ಚೀಟಿಯ ಮೇಲಿದ್ದದ್ದಕ್ಕಿಂತ ತೀರಾ ಕಡಿಮೆ, ಒಂದರಲ್ಲಿ ಐದು ಪಟ್ಟಿಗೂ ಮಿಕ್ಕಿ ಮದ್ದು ಇತ್ತು. ಸ್ತನ ಕ್ಯಾನ್ಸರ್ ತಡೆಯುತ್ತದೆ ಎಂದು ತೋರಿಸಿದ ಚಿಕಿತ್ಸಾ ಪ್ರಯೋಗ ಯಾವುದೂ ಇಲ್ಲ. ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರಂತೂ ತಮ್ಮ ಆಂಕಾಲಜಿಸ್ಟರನ್ನು ಕೇಳದೆ ಮುಟ್ಟಲೇಬಾರದು.

ನಮ್ಮ ನಾಡಿನ ಮಾತು. 1948ರ ಕಾರ್ಖಾನೆ ಕಾಯ್ದೆ ಹೆಂಗಸರ ಕೆಲಸವನ್ನು ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ ಕಟ್ಟಿಹಾಕಿತ್ತು. ಆಸ್ಪತ್ರೆ ಕಾರ್ಖಾನೆಯಲ್ಲ, ಹಾಗಾಗಿ ಸಿಸ್ಟರ್‌ಗಳು ಅಂದಿನಿಂದಲೂ ರಾತ್ರಿ ದುಡಿದರು. ಬೆಂಗಳೂರಿನ ಕಾಲ್ ಸೆಂಟರ್ ಹುಡುಗಿಯರು ಆಮೇಲೆ ಬಂದರು. ದೇಶದಲ್ಲಿ 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 1 ಲಕ್ಷ 92 ಸಾವಿರ ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳು. ಇದರಲ್ಲಿ ಪಾಳಿಯ ಪಾಲೆಷ್ಟು ಎಂದು ಕೇಳಬೇಡಿ. ಮೊದಲ ಹೆರಿಗೆಯ ವಯಸ್ಸು, ಹಾಲುಣಿಸಿದ ತಿಂಗಳು, ಮುಟ್ಟು ನಿಂತ ಮೇಲಿನ ತೂಕ, ಮನೆತನದ ಚರಿತ್ರೆ ಎಲ್ಲವೂ ಲೆಕ್ಕದಲ್ಲಿವೆ.

ಮಾಡಬಹುದಾದದ್ದು ರೋಸ್ಟರ್‌ನಲ್ಲಿದೆ. ಯುರೋಪಿನ ತಜ್ಞರ ಗುಂಪೊಂದು 2020ರಲ್ಲಿ ಹೇಳಿದ್ದು: ಒಟ್ಟಿಗೆ ಮೂರಕ್ಕಿಂತ ಹೆಚ್ಚು ನೈಟ್ ಬೇಡ, ಒಂದು ಪಾಳಿ ಒಂಬತ್ತು ಗಂಟೆ ಮೀರಬಾರದು, ಎರಡು ಪಾಳಿಗಳ ನಡುವೆ ಹನ್ನೊಂದು ಗಂಟೆಯಾದರೂ ಬಿಡುವಿರಲಿ. ನಮ್ಮಲ್ಲಿ ವಾರಪೂರ್ತಿ ನೈಟ್ ಹಾಕುವುದು, ಹನ್ನೆರಡು ಗಂಟೆ ಎಳೆಯುವುದು ಮಾಮೂಲು. ಮೇಟ್ರನ್ ಮೇಡಂ ಮುಂದಿನ ಸಾಲಿನಲ್ಲೇ ಇದ್ದಾರೆ, ಅವರಿಗೆ ಕೇಳಿಸಿದೆ ಎಂದುಕೊಳ್ಳುತ್ತೇನೆ.

ಕೊನೆಗೆ ಒಂದು ಸಣ್ಣ ಕೋರಿಕೆ. ಸ್ತನದಲ್ಲಿ ಗಂಟು ಎಂದು ಬಂದವರ ಕೇಸ್ ಶೀಟಿನಲ್ಲಿ ನಾವು ಮಕ್ಕಳೆಷ್ಟು, ಮುಟ್ಟು ಯಾವಾಗ ಶುರು, ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದೆಲ್ಲ ಬರೆಯುತ್ತೇವೆ. ಉದ್ಯೋಗದ ಮುಂದೆ ಒಂದೇ ಪದ. ಅದರ ಕೆಳಗೆ ಒಂದು ಸಾಲು ಸೇರಿಸಿ: ನೈಟ್ ಡ್ಯೂಟಿ ಎಷ್ಟು ವರ್ಷ, ತಿಂಗಳಿಗೆ ಎಷ್ಟು ರಾತ್ರಿ, ಬಿಟ್ಟು ಎಷ್ಟು ಕಾಲವಾಯಿತು. ಈಗ ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನ ಸಾಲಿನವರಿಂದ ಶುರುಮಾಡೋಣ.