ಮೊದಲು ಗಂಡನ ಪರೀಕ್ಷೆ ಆಗಲಿ

ನಮಸ್ಕಾರ. ನಾನು ರಾಯಚೂರಿನಲ್ಲಿ ಮೂತ್ರನಾಳದ ಆಪರೇಷನ್ ಮಾಡುವ ಡಾಕ್ಟರ್. ಮಕ್ಕಳಾಗದ ತೊಂದರೆ ಬಗ್ಗೆ ಮಾತಾಡಿ ಅಂತ ರೇಡಿಯೋದವರು ಅಂದಿದ್ದಾರೆ. ನಾನು ಹೇಳೋದು ಒಂದೇ ಮಾತು. ಮದುವೆಯಾಗಿ ವರ್ಷ ಕಳೆದರೂ ಬಸಿರು ನಿಲ್ಲಲಿಲ್ಲ ಅಂದರೆ ಗಂಡನ ವೀರ್ಯ ಪರೀಕ್ಷೆ ಮಾಡಿಸಿ. ಅದಕ್ಕೆ ಒಂದು ಡಬ್ಬಿ ಸಾಕು, ಸೂಜಿ ಕೂಡ ಬೇಡ.

ಸಿಂಧನೂರು ಕಡೆಯ ಒಬ್ಬ ರೈತ ಕಿಡ್ನಿ ಕಲ್ಲಿನ ನೋವು ಅಂತ ಬಂದಿದ್ದ. ಜೊತೆಗೆ ಹೆಂಡತಿ, ತಾಯಿ. ಎದ್ದು ಹೊರಡುವಾಗ ತಾಯಿ, 'ಸಾಹೇಬ್ರ, ಈಕಿಗೂ ಏನಾರ ಬರಕೊಡ್ರಿ, ಆರು ವರ್ಷಾತು' ಅಂದಳು. ಆ ಹುಡುಗಿ ಬಟ್ಟೆ ಅಂಗಡಿಯ ಚೀಲದಿಂದ ಫೈಲು ತೆಗೆದಳು, ಇಟ್ಟಿಗೆಯಷ್ಟು ದಪ್ಪ. ಮೂರು ಸ್ಕ್ಯಾನು, ಥೈರಾಯ್ಡು, ಗರ್ಭನಾಳಕ್ಕೆ ಔಷಧಿ ಬಿಟ್ಟು ತೆಗೆಸಿದ ಎಕ್ಸ್‌ರೇ. ಎಲ್ಲಾ ಸರಿಯಾಗಿದೆ! ಗಂಡನ ರಿಪೋರ್ಟ್ ಎಲ್ಲಿ ಅಂದೆ. 'ನನಗೇನಾಗೇದ್ರಿ, 75 ಕೆಜಿ ಭತ್ತದ ಚೀಲ ಒಬ್ನ ಎತ್ತತೀನಿ' ಅಂದ. ಭತ್ತದ ಚೀಲಕ್ಕೂ ಇದಕ್ಕೂ ಏನಪ್ಪಾ ಸಂಬಂಧ?

ಎರಡು ಸಲ ಪರೀಕ್ಷೆ ಮಾಡಿಸಿದೆವು. ಒಂದೂವರೆ ಎಂಎಲ್ ಆದರೂ ಇರಬೇಕಿದ್ದ ವೀರ್ಯ ಅರ್ಧ ಎಂಎಲ್ ಇತ್ತು, ನೀರಿನ ಹಾಗೆ ತೆಳ್ಳಗೆ. ವೀರ್ಯಾಣು ಒಂದೂ ಇಲ್ಲ, ಫ್ರಕ್ಟೋಸ್ ಎಂಬ ಸಕ್ಕರೆಯೂ ಇಲ್ಲ. ಆ ಸಕ್ಕರೆ ಬರೋದು ಮೂತ್ರಕೋಶದ ಹಿಂದಿರುವ ಎರಡು ಸಣ್ಣ ಚೀಲಗಳಿಂದ, ವೀರ್ಯದ ಹೆಚ್ಚಿನ ಪಾಲು ನೀರು ಕೂಡ ಅಲ್ಲಿಂದಲೇ. ವೃಷಣದ ಗಾತ್ರ, ಹಾರ್ಮೋನು ಎರಡೂ ಚೆನ್ನಾಗಿದ್ದವು. ಗುದದ್ವಾರದ ಕಡೆಯಿಂದ ಸ್ಕ್ಯಾನ್ ಮಾಡಿದರೆ ಆ ಎರಡೂ ಚೀಲ ಉಬ್ಬಿ ಕೂತಿವೆ, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯೊಳಗೆ ಅವುಗಳ ಬಾಯಿ ಕಟ್ಟಿಕೊಂಡಿದೆ. ವೃಷಣದ ವೀರ್ಯಾಣು ಹೊರಗೆ ಬರೋದೂ ಅದೇ ಬಾಯಿಂದ. ಚಿತ್ರ ಬರೆದು ತೋರಿಸಿದೆ. ಅವನು ಅರ್ಧ ನಿಮಿಷ ನೋಡಿ, 'ಅಂದ್ರ ಡ್ಯಾಂ ತುಂಬೇದ, ತೂಬು ಮುಚ್ಚೇದ' ಅಂದ. ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇರೋನು, ಅವನಿಗೆ ನಾನೇನು ಹೇಳಿಕೊಡಲಿ!

ಆಪರೇಷನ್ ಅಂದ ಕೂಡಲೇ ತಾಯಿ ಅಳೋಕೆ ಶುರು. ಹೊಟ್ಟೆ ಕೊಯ್ಯಲ್ಲಮ್ಮ, ಹೊಲಿಗೆಯೂ ಇಲ್ಲ ಅಂದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಮೂತ್ರದ ದಾರಿಯಲ್ಲೇ ಕ್ಯಾಮೆರಾ ಇರುವ ಕೊಳವೆ ಬಿಟ್ಟು, ಕರೆಂಟಿನ ತಂತಿಯ ಉಂಗುರದಿಂದ ಆ ಮುಚ್ಚಿದ ಜಾಗವನ್ನು ತೆಳ್ಳಗೆ ಹೆರೆಯುತ್ತೇವೆ. ಬಾಯಿ ಬಿಟ್ಟ ತಕ್ಷಣ ಒಳಗೆ ನಿಂತಿದ್ದ ಹಾಲಿನಂಥ ನೀರು ಹೊರಗೆ ಬರೋದು ಟಿವಿ ಪರದೆಯಲ್ಲೇ ಕಾಣುತ್ತೆ. ಇಷ್ಟು ವರ್ಷವಾದರೂ ಅದನ್ನು ನೋಡುವಾಗ ನನಗೆ ಖುಷಿ. ರಾತ್ರಿ ಒಂದು ಪೈಪು ಇತ್ತು, ಮರುದಿನ ತೆಗೆದೆವು. ಮೂರು ತಿಂಗಳಿಗೆ ವೀರ್ಯಾಣು ಕಂಡವು. ಮುಂದಿನ ಭತ್ತದ ಕಟಾವಿನ ಹೊತ್ತಿಗೆ ಅವಳಿಗೆ ವಾಂತಿ ಶುರುವಾಗಿತ್ತು. ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ. ಆದರೆ ಆರು ವರ್ಷ ಆ ಹುಡುಗಿ ಸುಮ್ನೆ ಸೂಜಿ ಚುಚ್ಚಿಸಿಕೊಂಡಳಲ್ವಾ?

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡ್ತೀನಿ. ಅಡಚಣೆ ಪ್ರಾಸ್ಟೇಟ್‌ನಲ್ಲಿ ಅಲ್ಲದೆ ವೃಷಣದ ಪಕ್ಕದ ನಾಳದಲ್ಲಿದ್ದರೆ ಮೈಕ್ರೋಸ್ಕೋಪ್ ಇಟ್ಟುಕೊಂಡು ಜೋಡಿಸುವ ಬೇರೆ ಆಪರೇಷನ್ ಇದೆ. ಕೆಲವರಿಗೆ ಹುಟ್ಟಿನಿಂದ ನಾಳವೇ ಇರಲ್ಲ. ಅವರಿಗೆ ಸೂಜಿಯಿಂದ ವೀರ್ಯಾಣು ತೆಗೆದು ಪ್ರಣಾಳ ಶಿಶುವಿನ ದಾರಿ.

ಇನ್ನು ಪರೀಕ್ಷೆಗೆ ಬರುವವರು ಎರಡರಿಂದ ಏಳು ದಿನ ಸಂಗ ಬಿಟ್ಟಿರಬೇಕು. ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲೇ ಹಿಡಿಯಿರಿ, ಕಾಂಡೋಮ್ ಬೇಡ. ಮೊದಲ ಹನಿ ಚೆಲ್ಲಿದ್ದರೆ ಮುಚ್ಚಿಡದೆ ಹೇಳಿ. ಮನೆಯಿಂದ ತರುವವರು ಒಂದು ಗಂಟೆಯೊಳಗೆ ತಲುಪಿಸಿ. ಅಂಗಿಯ ಒಳಜೇಬಿನಲ್ಲಿಟ್ಟು ತನ್ನಿ. ನಮ್ಮ ರಾಯಚೂರು ಬಿಸಿಲಿನಲ್ಲಿ ದಯವಿಟ್ಟು ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ.