ಅರ್ಧ ಇಗ್ಲೂ

ಕೇಳುಗರಿಗೆ ನಮಸ್ಕಾರ.

1922ರಲ್ಲಿ 'ನಾನೂಕ್ ಆಫ್ ದಿ ನಾರ್ತ್' ಎಂಬ ಚಿತ್ರ ಬಂತು. ಮಾತಿಲ್ಲದ ಕಪ್ಪು ಬಿಳುಪು ಚಿತ್ರ. ಕೆನಡಾದ ಹಡ್ಸನ್ ಕೊಲ್ಲಿಯ ದಡದ ಇನುಯಿಟ್ ಎಂಬ ಹಿಮನಾಡಿನ ಮೂಲನಿವಾಸಿ ಜನರ ಕುಟುಂಬವೊಂದರ ಬದುಕು ಅದರಲ್ಲಿದೆ. ಸಾಕ್ಷ್ಯಚಿತ್ರಗಳ ಮಾತು ಬಂದಾಗಲೆಲ್ಲ ಮೊದಲು ಇದರ ಹೆಸರೇ ಬರುತ್ತದೆ. ಸಾಕ್ಷ್ಯಚಿತ್ರದಲ್ಲಿನ ಸುಳ್ಳಿನ ಮಾತು ಬಂದಾಗಲೂ ಅಷ್ಟೇ!

ಅದರಲ್ಲಿ ಮನೆಮಂದಿಯೆಲ್ಲ ಇಗ್ಲೂ, ಅಂದರೆ ಹಿಮದ ಗಟ್ಟಿಗಳಿಂದ ಕಟ್ಟಿದ ಮನೆಯ ಒಳಗೆ ತುಪ್ಪಳ ಹೊದ್ದು ಮಲಗುವ ದೃಶ್ಯವಿದೆ. ನಿಜವಾದ ಇಗ್ಲೂ ಚಿಕ್ಕದು, ಒಳಗೆ ಕತ್ತಲು. ಅಂದಿನ ಕ್ಯಾಮೆರಾಗೆ ಆ ಬೆಳಕು ಏನೇನೂ ಸಾಲದು. ಹಾಗಾಗಿ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ದೊಡ್ಡ ಇಗ್ಲೂ ಕಟ್ಟಿಸಿದರು. ಮೊದಮೊದಲು ಅದು ಕುಸಿದು ಬಿತ್ತು. ಕೊನೆಗೂ ನಿಂತಾಗ ಬೆಳಕಿಗಾಗಿ ಅರ್ಧ ಗೋಡೆಯನ್ನೇ ತೆಗೆಸಿದರು. ಬೆಚ್ಚಗೆ ಮಲಗಿದಂತೆ ಕಾಣುವ ಆ ಜನ ಬಟ್ಟೆ ಬಿಚ್ಚಿ ಮಲಗಿದ್ದು ಬಯಲ ಚಳಿಯಲ್ಲಿ.

ನಾನೂಕ್ ಅನ್ನುವುದೂ ಆ ಮನೆಯ ಯಜಮಾನನಾಗಿ ಕಾಣುವ ಬೇಟೆಗಾರನ ಹೆಸರಲ್ಲ. ನಿಜವಾದ ಹೆಸರು ಅಲ್ಲಾಕರಿಅಲ್ಲಾಕ್. ಚಿತ್ರದ ಹೆಂಡತಿ ಅವನ ಹೆಂಡತಿಯಲ್ಲ. ಅಲ್ಲಿಯವರ ಕೈಗೆ ಬಂದೂಕು ಬಂದು ಎಷ್ಟೋ ಕಾಲವಾಗಿತ್ತು. ಆದರೂ ಅಜ್ಜನ ಕಾಲದ ಈಟಿ ಹಿಡಿಸಿ ಬೇಟೆ ಆಡಿಸಿದರು.

ಆದರೆ ವಾಲ್ರಸ್ ಎಂಬ ದಂತವಿರುವ ಕಡಲ ಪ್ರಾಣಿಯ ಬೇಟೆ ಕೇಳಿ. ಈಟಿ ನಾಟಿದ ಆ ದೈತ್ಯ ಪ್ರಾಣಿ ಬೇಟೆಗಾರರನ್ನೇ ಕಡಲಿಗೆ ಎಳೆಯುತ್ತಿತ್ತು. ಬಂದೂಕು ಹಾರಿಸಿ ಅಂತ ಅವರು ಕೂಗಿಕೊಂಡರು. ಫ್ಲಾಹರ್ಟಿ ಕೇಳಿಸದವರಂತೆ ಕ್ಯಾಮೆರಾ ತಿರುಗಿಸುತ್ತಲೇ ಇದ್ದರು. ಹೇಳಿಕೊಂಡಿದ್ದು ಅವರೇ. ಆ ಎಳೆದಾಟ, ಆ ಭಯ ಅಪ್ಪಟ ನಿಜ. ಈಟಿ ಮಾತ್ರ ನಾಟಕದ್ದು. ಇದನ್ನು ಯಾವ ಲೆಕ್ಕಕ್ಕೆ ಸೇರಿಸೋಣ?

ನನಗಂತೂ ಫ್ಲಾಹರ್ಟಿಯನ್ನು ಮೋಸಗಾರ ಅನ್ನಲು ಮನಸ್ಸಿಲ್ಲ. ಅವರು ಅಲ್ಲೇ ಫಿಲಂ ತೊಳೆದು ಆ ಜನರಿಗೆ ತೋರಿಸುತ್ತಿದ್ದರು. ಅವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಟಿಕೆಟ್ ಕೊಂಡವರಿಗೆ. ಮೂಕಿಚಿತ್ರ ಅಲ್ವಾ, ನಡುನಡುವೆ ಬರಹದ ಫಲಕಗಳು ಬರುತ್ತಲೇ ಇದ್ದವು. ಇನ್ನೊಂದು ಫಲಕ ಹಾಕಿ ಇಷ್ಟನ್ನು ಹೇಳಿಬಿಟ್ಟಿದ್ದರೆ ಏನು ಹೋಗುತ್ತಿತ್ತು?

1958ರಲ್ಲಿ ಡಿಸ್ನಿಯವರು ತೆಗೆದ 'ವೈಟ್ ವೈಲ್ಡರ್‌ನೆಸ್' ಚಿತ್ರಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ದಂಡುದಂಡಾಗಿ ಬಂದು ಬಂಡೆಯಿಂದ ಸಮುದ್ರಕ್ಕೆ ಹಾರುವುದನ್ನು ಅದು ತೋರಿಸಿತು. ಆಸ್ಕರ್ ಕೂಡ ಬಂತು. 1982ರಲ್ಲಿ ಕೆನಡಾದ ಸಿಬಿಸಿ ಟಿವಿಯವರು ಕೆದಕಿ ನೋಡಿದರೆ, ಆ ದೃಶ್ಯ ತೆಗೆದದ್ದು ಸಮುದ್ರವೇ ಇಲ್ಲದ ಆಲ್ಬರ್ಟಾ ಪ್ರಾಂತ್ಯದಲ್ಲಿ. ದುಡ್ಡು ಕೊಟ್ಟು ಪ್ರಾಣಿಗಳನ್ನು ತರಿಸಿದ್ದರು. ಹಿಮ ಹರಡಿದ ತಿರುಗುವ ಹಲಗೆಯ ಮೇಲೆ ಓಡಿಸಿ, ನದಿಗೆ ತಳ್ಳಿದ್ದರು. ಲೆಮ್ಮಿಂಗ್‌ಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಅಂತ ಈಗಲೂ ನಂಬುವವರಿದ್ದಾರೆ.

ಅಮೆರಿಕದ ನಿರ್ದೇಶಕ ಆರ್ಸನ್ ವೆಲ್ಸ್ ದಾರಿ ಬೇರೆ. 1938ರಲ್ಲಿ ರೇಡಿಯೋದಲ್ಲಿ ಮಂಗಳಗ್ರಹದವರ ದಾಳಿಯ ನಾಟಕ ಆಡಿದವರು, ಹಾಗಾಗಿ ನಮ್ಮ ಕಸುಬಿನವರೇ ಅನ್ನಿ. 1973ರ 'ಎಫ್ ಫಾರ್ ಫೇಕ್' ಚಿತ್ರದಲ್ಲಿ, ದೊಡ್ಡ ದೊಡ್ಡ ಕಲಾವಿದರ ಚಿತ್ರಗಳನ್ನು ನಕಲು ಮಾಡಿ ಬದುಕಿದ ಎಲ್ಮಿರ್ ಡಿ ಹೋರಿಯ ಕತೆ ಹೇಳುತ್ತಾರೆ. ಮುಂದಿನ ಒಂದು ಗಂಟೆ ನೀವು ಕೇಳುವುದೆಲ್ಲ ನಿಜ ಅಂತ ಶುರುವಿನಲ್ಲೇ ಮಾತು ಕೊಡುತ್ತಾರೆ. ಕೊನೆಗೆ ಚಿತ್ರಕಲಾವಿದ ಪಿಕಾಸೊ ಬಗ್ಗೆ ಸೊಗಸಾದ ಕತೆಯೊಂದು ಬರುತ್ತದೆ. ಅದನ್ನು ಹೇಳಿ ಮುಗಿಸಿ ತಾವೇ ಬಾಯಿಬಿಡುತ್ತಾರೆ: ಆ ಒಂದು ಗಂಟೆ ಆಗಲೇ ಮುಗಿದಿತ್ತು, ಕಳೆದ 17 ನಿಮಿಷದಿಂದ ಹೇಳಿದ್ದೆಲ್ಲ ಸುಳ್ಳು.

ನಮಸ್ಕಾರ.